ತಾಜಬಿಯ ಆರು ಮೆಣಸಿನ ಗಿಡ

ಊರವರ ಗಿಡಗಳ ಸುದ್ದಿ ಕೇಳಿ ಕೇಳಿ ಹುಸೇನಮಿಯಾನ ಜೀವ ಹಣ್ಣಾಗಿತ್ತು. ಬೆಳಗಿನ ಚಹಾ ಬಾಯಿಗಿಡುವ ಮೊದಲೇ ಫೋನು ಟಿಣ್ ಅನ್ನುತ್ತಿತ್ತು. ತೆರೆದು ನೋಡಿದರೆ ಯಾರದೋ ಮನೆಯ ದಾಸವಾಳ, ಕಾಂಡದ ತುಂಬ ಹತ್ತಿ ಮೆತ್ತಿದ ಹಾಗೆ ಬಿಳಿ ತಿಗಣೆ. ಅದರ ಹಿಂದೆಯೇ ಇನ್ಯಾರದೋ ಗುಲಾಬಿ, ಎಲೆಯ ಮೇಲೆಲ್ಲ ಕರಿ ಚುಕ್ಕೆ. ಮುಗಳಖೋಡದ ಲಗಮಣ್ಣ ಎಂಬುವನಂತೂ ತನ್ನ ಕರಿಬೇವಿನ ಗಿಡದ ಫೋಟೋವನ್ನು ನಾಲ್ಕು ತಿಂಗಳಿಂದ ವಾರಕ್ಕೊಮ್ಮೆ ತಪ್ಪದೆ ಕಳಿಸುತ್ತಿದ್ದ. ಗಿಡ ಇದ್ದಷ್ಟೇ ಇತ್ತು. ಪ್ರತಿ ಸಲ ಅವನ ಪ್ರಶ್ನೆ ಒಂದೇ, "ಯಾಕ ಬೆಳೀವಲ್ದ್ರಿ?" ಪ್ರತಿ ಸಲ ಹುಸೇನಮಿಯಾನ ಉತ್ತರವೂ ಒಂದೇ, "ದಿನಾ ನೀರ ಹಾಕಬ್ಯಾಡ್ರಿ, ಹುಳಿ ಮಜ್ಜಿಗಿ ಹಾಕ್ರಿ, ಕುಡಿ ಚಿವುಟ್ರಿ." ಲಗಮಣ್ಣ ಮಜ್ಜಿಗೆಯನ್ನು ಗಿಡಕ್ಕೆ ಹಾಕುತ್ತಿದ್ದನೋ ತಾನೇ ಕುಡಿಯುತ್ತಿದ್ದನೋ ದೇವರೇ ಬಲ್ಲ.

ಮೂವತ್ತೊಂದು ವರ್ಷ ಸರಕಾರಿ ನರ್ಸರಿಯಲ್ಲಿ ಮಾಳಿಯಾಗಿದ್ದು ನಿವೃತ್ತನಾದವನು ಅವನು. ಇನ್ನು ಮನೆಯಲ್ಲಿ ಕಾಲು ಚಾಚಿ ಕೂಡಬೇಕು ಅಂದುಕೊಂಡಿದ್ದ. ನಿಪ್ಪಾಣಿ ಪೇಟೆಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದ ಸಂಭಾಜಿ ಬಿಡಲಿಲ್ಲ. ಅಂಗಡಿಯ ಮುಂದೆ ಒಂದು ಕುರ್ಚಿ ಹಾಕಿ, ಮೇಲೊಂದು ಬೋರ್ಡು ತೂಗುಹಾಕಿದ. 'ಮನೆದೋಟದ ತೊಂದರೆಗಳಿಗೆ ತಜ್ಞರ ಸಲಹೆ, ಸಂಜೆ ನಾಲ್ಕರಿಂದ ಆರು' ಎಂದು ಮೇಲೆ ಕನ್ನಡದಲ್ಲಿ, ಕೆಳಗೆ ಮರಾಠಿಯಲ್ಲಿ. ನಿನ್ನೆಯವರೆಗೆ ಮಾಳಿಯಾಗಿದ್ದವನು ಒಂದೇ ದಿನದಲ್ಲಿ ತಜ್ಞನಾದ. ಜನ ಪ್ಲಾಸ್ಟಿಕ್ ಚೀಲದಲ್ಲಿ ಎಲೆ ತಂದರು, ಹೂ ತಂದರು, ಒಬ್ಬಾಕೆ ಸತ್ತ ನಿಂಬೆಗಿಡವನ್ನು ಬೇರು ಸಮೇತ ಆಟೋದಲ್ಲಿ ಹೇರಿಕೊಂಡು ಬಂದಳು. ಹತ್ತು ಗಿಡಗಳಲ್ಲಿ ಎಂಟು ಸಾಯುವುದು ಮನುಷ್ಯರು ಪ್ರೀತಿಯಿಂದ ಸುರಿಯುವ ನೀರಿನಿಂದ. ಹಾಗಂತ ಹೇಳಿದರೆ ಯಾರಿಗೂ ಸಮಾಧಾನವಿಲ್ಲ. ಎಲ್ಲರಿಗೂ ಔಷಧ ಬೇಕು.

ಔಷಧವೆಂದರೆ ನಿಪ್ಪಾಣಿಯಲ್ಲಿ ಮೊದಲು ನೆನಪಾಗುವುದು ತಂಬಾಕು. ವಖಾರಗಳಲ್ಲಿ, ಅಂದರೆ ತಂಬಾಕಿನ ಗೋದಾಮುಗಳಲ್ಲಿ, ಎಲೆ ಜಾಡಿಸಿದ ಮೇಲೆ ಉಳಿಯುವ ಧೂಳನ್ನು ಕೇಳಿದವರಿಗೆ ಚೀಲಗಟ್ಟಲೆ ಕೊಡುತ್ತಾರೆ. ಕುಂಡದಲ್ಲಿ ಇರುವೆ ಗೂಡು ಕಟ್ಟಿತೇ, ಬುಡಕ್ಕೆ ಒಂದು ಹಿಡಿ ಧೂಳು. ಕುಡಿಗೆ ಹೇನು ಹತ್ತಿತೇ, ತಂಬಾಕು ನೆನೆಸಿದ ನೀರು. ಹುಸೇನಮಿಯಾನ ಅಜ್ಜ ಹೀಗೆ ಹೇಳುತ್ತಿದ್ದ, ಅಪ್ಪ ಹೇಳುತ್ತಿದ್ದ, ಇವನೂ ಹೇಳುತ್ತಿದ್ದ. ಇರುವೆ ಓಡುತ್ತಿದ್ದವು, ಹೇನು ಸಾಯುತ್ತಿದ್ದವು, ಬಂದವರು ಕೈ ಮುಗಿದು ಹೋಗುತ್ತಿದ್ದರು. ಗಿಡಕ್ಕೆ ಮುಂದೆ ಏನಾಯಿತೆಂದು ಕೇಳುವ ತ್ರಾಣ ಅವನಿಗೂ ಇರಲಿಲ್ಲ.

ಇಂಥ ತಜ್ಞನ ಮನೆಯ ಅಂಗಳದಲ್ಲಿ ನಾಲ್ಕು ವರ್ಷದಿಂದ ಒಂದು ಮೆಣಸಿನ ಗಿಡ ನೆಟ್ಟಗೆ ಬಂದಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಸುಮ್ಮನೆ ಅಲ್ಲ.

ಗಿಡಗಳು ಅವನ ಹೆಂಡತಿ ತಾಜಬಿಯವು. ತಾಜಬಿ ಹತ್ತಿರದ ಭೋಜ ಎಂಬ ಊರಿನವಳು. ಅವಳ ತಾಯಿ ಹಿತ್ತಲಲ್ಲಿ ಬೆಳೆಯುತ್ತಿದ್ದ ಮೆಣಸಿನಕಾಯಿ ಗಿಡ್ಡ, ದಪ್ಪ, ಹಣ್ಣಾದರೆ ಕರಿಗೆಂಪು. ಒಂದು ಕಾಯಿ ಹುರಿದರೆ ನಾಲ್ಕು ಮನೆಯವರು ಕೆಮ್ಮುತ್ತಿದ್ದರು, ಆದರೆ ಸಾರಿಗೆ ಬಿದ್ದರೆ ಅದರ ಘಮವೇ ಬೇರೆ. ತಾಯಿ ತೀರಿಹೋದ ಮೇಲೆ ತಮ್ಮಂದಿರು ಹಿತ್ತಲನ್ನು ಕಬ್ಬಿಗೆ ಸೇರಿಸಿದರು. ಆ ಬೀಜ ಈಗ ಭೋಜದಲ್ಲಿ ಯಾರ ಮನೆಯಲ್ಲೂ ಇರಲಿಲ್ಲ, ತಾಜಬಿಯ ಹತ್ತಿರ ಮಾತ್ರ ಇತ್ತು. ತಾಯಿ ಹೋದಂದಿನಿಂದ ಅವಳು ಪ್ರತಿ ಮಳೆಗಾಲ ಬಿತ್ತುತ್ತಿದ್ದಳು. ಸಸಿ ಚೆನ್ನಾಗಿಯೇ ಏಳುತ್ತಿದ್ದವು, ಮೊಣಕಾಲೆತ್ತರ ಆಗುವ ಹೊತ್ತಿಗೆ ಎಲೆಗಳಲ್ಲಿ ತಿಳಿಹಸಿರು-ಕಡುಹಸಿರು ಮಚ್ಚೆ ಬಿದ್ದು, ಮುದುಡಿ, ಹೂವೆಲ್ಲ ಉದುರುತ್ತಿದ್ದವು. ಹೋದ ವರ್ಷ ಒಂದೇ ಒಂದು ಕಾಯಿ ಹಣ್ಣಾಯಿತು. ಅದರ ಬೀಜದಲ್ಲಿ ಮುಕ್ಕಾಲು ಭಾಗ ಜೊಳ್ಳು. ಉಳಿದದ್ದನ್ನೆಲ್ಲ ಈ ವರ್ಷ ಬಿತ್ತಿದಾಗ ಎದ್ದದ್ದು ಆರು ಸಸಿ. ಈ ಆರು ಹೋದರೆ ತಾಯಿಯ ಬೀಜ ಮುಗಿಯಿತು.

"ಮುಬೀನಾನ ಅಬ್ಬಾ, ಈ ವರ್ಷರೆ ಸ್ವಲ್ಪ ನೋಡ್ರಿ," ಎಂದು ಅವಳು ಸಸಿ ನೆಡುವಾಗಲೇ ಹೇಳಿದ್ದಳು. ಮುಬೀನಾ ಎಂದರೆ ರಾಯಬಾಗಕ್ಕೆ ಕೊಟ್ಟ ಮಗಳು. "ಊರ ಮಂದೀ ಗಿಡಾ ಎಲ್ಲಾ ನೋಡ್ತೀರಿ."

"ನೋಡೋಣ ಬಿಡು," ಅಂದಿದ್ದ. ಹಿಂದಿನ ನಾಲ್ಕು ವರ್ಷವೂ ಹಾಗೇ ಅಂದಿದ್ದ. ಒಂದು ವರ್ಷ ಹುಳ ಅಂದ, ಒಂದು ವರ್ಷ ಬಿಸಿಲು ಅಂದ, ಒಂದು ವರ್ಷ ಗೊಬ್ಬರ ಹೆಚ್ಚಾಯಿತು ಅಂದ. ನಿಜ ಹೇಳಬೇಕೆಂದರೆ ಒಂದು ವರ್ಷವೂ ಅವನು ಬಗ್ಗಿ ಎಲೆ ಮುಟ್ಟಿ ನೋಡಿರಲಿಲ್ಲ. ದಿನವಿಡೀ ಎಲೆ ನೋಡಿದವನಿಗೆ ಮನೆಗೆ ಬಂದ ಮೇಲೆ ಮತ್ತೆ ಎಲೆ ನೋಡುವುದೆಂದರೆ ಅಡಿಗೆಯವನಿಗೆ ಮನೆಯಲ್ಲೂ ಒಲೆ ಊದು ಅಂದ ಹಾಗೆ. ಊರಿಗೆ ಉಪಕಾರಿ, ಮನೆಗೆ ಮಾರಿ.

ಆರರಲ್ಲಿ ನಾಲ್ಕು ಗಿಡ ಅಂಗಳದ ನೆಲದ ಮೇಲೆ, ಬಣ್ಣದ ಹಳೆಯ ಬಕೆಟ್ಟುಗಳಲ್ಲಿದ್ದವು. ಜಾಗ ಸಾಲದೆ ಉಳಿದೆರಡನ್ನು ಹುಸೇನಮಿಯಾ ನೀರಿನ ಟಾಕಿಯ ಮೇಲೆ ಇಟ್ಟಿದ್ದ. ಮೊಣಕಾಲು ನೋವಿನ ತಾಜಬಿಗೆ ಅಲ್ಲಿಗೆ ಹತ್ತಲು ಆಗುತ್ತಿರಲಿಲ್ಲ. ಆ ಎರಡಕ್ಕೆ ಪೈಪು ಹಿಡಿದು ಕೆಳಗಿನಿಂದಲೇ ನೀರು ಚಿಮ್ಮಿಸುತ್ತಿದ್ದಳು.

ಸೆಪ್ಟೆಂಬರ್ ಕೊನೆಯಲ್ಲಿ ಗಿರಿಜವ್ವನಿಂದ ಫೋನು ಬಂತು. ಗಿರಿಜವ್ವನ ಗಂಡ ವಿರುಪಾಕ್ಷಪ್ಪನಿಗೆ ರಾಯಬಾಗದ ಕಡೆ ಕಬ್ಬು, ಅಥಣಿಯ ಕಡೆ ದ್ರಾಕ್ಷಿ. ಮನೆ ಮಾತ್ರ ನಿಪ್ಪಾಣಿಯ ಹೊಸ ಬಡಾವಣೆಯಲ್ಲಿ. ಎಕರೆಗಟ್ಟಲೆ ದ್ರಾಕ್ಷಿ ಇದ್ದರೂ ಗಿರಿಜವ್ವನಿಗೆ ಟೆರೇಸಿನ ಮೇಲಿನ ಮೂವತ್ತು ಕುಂಡ ಟೊಮ್ಯಾಟೊ ಸೊರಗಿದರೆ ಊಟ ಸೇರುತ್ತಿರಲಿಲ್ಲ. ಹುಸೇನಮಿಯಾ ಅಲ್ಲಿಗೆ ಎರಡು ತಿಂಗಳ ಹಿಂದೆಯೂ ಹೋಗಿದ್ದ. ಈಗ ಮತ್ತೆ ಮೂರು ಅಂತಸ್ತಿನ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಮೊದಲ ಕುಂಡದ ಎಲೆ ತಿರುವಿದ.

ತಿಳಿಹಸಿರು, ಕಡುಹಸಿರು. ಎಲೆ ಸಣ್ಣಗೆ ಎಳೆದು ತಿರುಚಿದಂತೆ ಆಗಿತ್ತು. ಎರಡನೆಯ ಕುಂಡವೂ ಹಾಗೇ. ಹತ್ತನೆಯದೂ ಹಾಗೇ.

ಅವನಿಗೆ ನರ್ಸರಿಯ ದಿನಗಳು ನೆನಪಾದವು. ಟೊಮ್ಯಾಟೊ, ಮೆಣಸಿನಕಾಯಿ ಸಸಿಗಳ ಶೆಡ್ಡಿನ ಬಾಗಿಲಲ್ಲಿ ಒಂದು ಬಕೆಟ್ಟು ಸಾಬೂನು ನೀರು ಇಡುತ್ತಿದ್ದರು. ತಂಬಾಕು ತಿಕ್ಕಿದವರು, ಬೀಡಿ ಸೇದಿದವರು ಕೈ ತೊಳೆಯದೆ ಒಳಗೆ ಕಾಲಿಡುವಂತಿಲ್ಲ. ತಂಬಾಕಿನ ಎಲೆಯಲ್ಲಿರುವ ರೋಗ ಒಣಗಿ ಪುಡಿಯಾದರೂ ಸಾಯುವುದಿಲ್ಲ, ಕೈಗೆ ಹತ್ತಿ ಸಸಿಗೆ ದಾಟುತ್ತದೆ, ದಾಟಿದ ಮೇಲೆ ಅದಕ್ಕೆ ಔಷಧವಿಲ್ಲ ಎಂದು ಸಾಹೇಬರು ಹೇಳುತ್ತಿದ್ದರು. ಸಾಬೂನಿನ ಮೇಲೆ ಹಾಲಿನಲ್ಲಿ ಕೈ ಅದ್ದಿದರೆ ಇನ್ನೂ ಒಳ್ಳೆಯದು ಅನ್ನುತ್ತಿದ್ದರು. ಆ ಬಾಗಿಲಲ್ಲಿ ನಿಂತು ಕೂಲಿಯವರ ಕೈ ಮೂಸಿ ಒಳಗೆ ಬಿಡುತ್ತಿದ್ದವನು ಬೇರೆ ಯಾರೂ ಅಲ್ಲ, ಹುಸೇನಮಿಯಾ. ಅದು ನೌಕರಿಯ ನಿಯಮ. ನೌಕರಿ ಮುಗಿದ ದಿನ ಖಾಕಿ ಅಂಗಿಯ ಜೊತೆಗೆ ಅದನ್ನೂ ಕಳಚಿಟ್ಟು ಬಂದಿದ್ದ. ಅಜ್ಜನ ತಂಬಾಕಿನ ಧೂಳು ಒಂದು ಕಡೆ, ಸಾಹೇಬರ ಸಾಬೂನು ನೀರು ಒಂದು ಕಡೆ, ಎರಡೂ ಅವನ ಒಂದೇ ತಲೆಯಲ್ಲಿ ಮೂವತ್ತು ವರ್ಷ ಒಂದಕ್ಕೊಂದು ಮಾತಾಡದೆ ಬದುಕಿದ್ದವು.

ಕುಂಡಗಳ ಬುಡ ನೋಡಿದ. ಪ್ರತಿಯೊಂದರಲ್ಲೂ ಕಂದು ಧೂಳು, ಹಿಡಿ ಹಿಡಿಯಾಗಿ, ಅವನೇ ಎರಡು ತಿಂಗಳ ಹಿಂದೆ ಹೇಳಿದಂತೆ.

"ಏನ್ರಿ ಮಿಯಾರ, ಏನಾಗೇತಿ?" ಗಿರಿಜವ್ವ ಪಕ್ಕದಲ್ಲೇ ನಿಂತಿದ್ದಳು. "ನೀವು ಹೇಳಿದ್ದು ಒಂದೂ ತಪ್ಪಿಸಿಲ್ಲ ನಾ. ಎಲ್ಲಾ ಹಂಗ ಮಾಡೀನಿ."

ಆಗ ಹೇಳಬಹುದಿತ್ತು. ನಾನು ಹೇಳಿದ್ದರಿಂದಲೇ ಹೀಗಾಗಿರಬಹುದು ಎಂದು ಒಂದು ಮಾತು. ಆದರೆ ಮೆಟ್ಟಿಲು ಹತ್ತಿ ಸುಸ್ತಾಗಿತ್ತು, ಆಕೆಯ ಮುಖದಲ್ಲಿ ಅಷ್ಟು ನಂಬಿಕೆ ಇತ್ತು, ತಜ್ಞ ಅನ್ನಿಸಿಕೊಂಡವನ ತಲೆ ಅಷ್ಟು ಸುಲಭಕ್ಕೆ ಬಾಗುವುದಿಲ್ಲ. ಟೆರೇಸಿನ ಆ ತುದಿಯಲ್ಲಿ ಮನೆಗೆಲಸದ ಶೇವಂತಾ ಟೊಮ್ಯಾಟೊ ಗಿಡದ ಎಲೆಸಂದಿಯ ಚಿಗುರು ಚಿವುಟುತ್ತ ಕೂತಿದ್ದಳು. ಹಾಗೆ ಚಿವುಟಲು ಕಲಿಸಿದ್ದೂ ಅವನೇ. ಅವಳ ಉಗುರು, ಬೆರಳ ತುದಿ ಎಲ್ಲ ಕಂದುಬಣ್ಣ. ಬೆಳಿಗ್ಗೆ ಮನೆಗೆಲಸ, ಮಧ್ಯಾಹ್ನದಿಂದ ಬೀಡಿ.

"ಬೀಡಿ ಕಟ್ಟೋ ಕೈರಿ ಅವ್ವಾರ," ಅಂದ. "ಆ ಕೈಯಿಂದ ಮುಟ್ಟಿದ್ರ ಟೊಮ್ಯಾಟೊಕ್ಕ ಈ ರೋಗ ಹತ್ತತೈತಿ."

ಹೇಳಿದ್ದು ಸುಳ್ಳಲ್ಲ. ಅರ್ಧ ಸತ್ಯ. ಗಿರಿಜವ್ವ ತಿರುಗಿ ನೋಡಿದಳು. ಶೇವಂತಾ ಎರಡೂ ಕೈ ಸೆರಗಿನೊಳಗೆ ಎಳೆದುಕೊಂಡಳು. ಹುಸೇನಮಿಯಾನಿಗೆ ಗಿರಿಜವ್ವ ಒಂದು ಪೊಟ್ಟಣ ಒಣದ್ರಾಕ್ಷಿ ಕಟ್ಟಿಕೊಟ್ಟಳು. ಅವನು ಅದನ್ನು ಹಿಡಿದು ಮೆಟ್ಟಿಲಿಳಿದು ಬಂದ.

ಅಂಗಡಿಯ ಹೊತ್ತನ್ನೂ ಮುಗಿಸಿ ಮನೆ ಮುಟ್ಟಿದಾಗ ಸಂಜೆಯಾಗಿತ್ತು. ತಾಜಬಿ ಆ ದಿನದ ಬೀಡಿ ಕಟ್ಟಿ ಮುಗಿಸಿ, ಮೊರ ಗೋಡೆಗೆ ಒರಗಿಸಿ, ನೆಲದ ಮೇಲಿನ ನಾಲ್ಕು ಗಿಡಗಳ ಮುಂದೆ ಕೂತಿದ್ದಳು. ಒಂದೊಂದು ಎಲೆಯನ್ನೂ ಎರಡು ಬೆರಳಲ್ಲಿ ಸವರಿ, ಕುಡಿ ಚಿವುಟಿ, ಬುಡಕ್ಕೆ ತಂಬಾಕಿನ ಧೂಳು ಉದುರಿಸುತ್ತಿದ್ದಳು. ಅವಳದು ದಿನದ ಕ್ರಮವೇ ಹಾಗೆ. ಮೊದಲು ಬೀಡಿ, ಆಮೇಲೆ ಗಿಡ, ಆಮೇಲೆ ಕೈಕಾಲು ತೊಳೆದು ವಜೂ ಮಾಡಿ ಸಂಜೆಯ ನಮಾಜು. ಗಿಡ ಮುಟ್ಟಿದರೆ ಕೈಗೆ ಮಣ್ಣಾಗುತ್ತದೆ, ಆದ್ದರಿಂದ ತೊಳೆಯುವುದು ಕೊನೆಗೆ. ಇದರಲ್ಲಿ ತಪ್ಪು ಹುಡುಕಲು ಯಾರಿಂದ ಸಾಧ್ಯ? ಶುಚಿಯಾದ ಹೆಂಗಸು ಯಾರಾದರೂ ಹಾಗೇ ಮಾಡುತ್ತಾಳೆ.

ಹುಸೇನಮಿಯಾ ಬಾಗಿಲಲ್ಲೇ ನಿಂತುಬಿಟ್ಟ. ನಾಲ್ಕು ವರ್ಷ ಏನಾಗಿತ್ತೆಂದು ಒಮ್ಮೆಲೇ ತಿಳಿಯಿತು.

ಆರೂ ಗಿಡ ಹಸಿರಾಗಿದ್ದವು. ಈಗಲೇ ಹೇಳಿದರೆ ಉಳಿಯಬಹುದು. "ತಾಜಬಿ," ಅಂದ.

"ಹ್ಞಾಂ?"

ಅವಳು ಕತ್ತೆತ್ತಿದಳು. ಹನ್ನೆರಡನೆಯ ವಯಸ್ಸಿನಿಂದ ಬೀಡಿ ಕಟ್ಟಿದ ಕೈ ಅದು. ಇವನ ನೌಕರಿ ಕಾಯಂ ಆಗದೆ ದಿನಗೂಲಿಯಲ್ಲಿದ್ದ ಒಂಬತ್ತು ವರ್ಷ ಮನೆ ನಡೆದದ್ದು ಆ ಕೈಯಿಂದ. ಮುಬೀನಾ ಓದಿದ್ದು, ಅವಳ ನಿಕಾಹ್ ಆದದ್ದು ಅದರಿಂದ. ನಿನ್ನ ತಾಯಿಯ ಬೀಜವನ್ನು ನಾಲ್ಕು ವರ್ಷದಿಂದ ಕೊಲ್ಲುತ್ತಿರುವುದು ಈ ಕೈ ಎಂದು ಯಾವ ಬಾಯಿಂದ ಹೇಳುವುದು? ಹೇಳಿದರೆ ಅವಳು ಕೇಳುವ ಮುಂದಿನ ಮಾತು ಅವನಿಗೆ ಗೊತ್ತಿತ್ತು. ಮೂವತ್ತೊಂದು ವರ್ಷದಿಂದ ನಿಮಗಿದು ಗೊತ್ತಿತ್ತಲ್ಲ?

"ಗಿರಿಜವ್ವಾರು ಒಣದ್ರಾಕ್ಷಿ ಕೊಟ್ಟಾರ, ತಗೋ," ಅಂದ.

ಬಿಸಿತುಪ್ಪ ಗಂಟಲಲ್ಲಿಟ್ಟುಕೊಂಡವನ ಬದುಕು ಅವತ್ತಿನಿಂದ ಶುರುವಾಯಿತು. ಮರುದಿನ ಕಟ್ಟಿದ ಬೀಡಿ ಕೊಡಲು ತಾಜಬಿ ಬೀಡಿ ಕಂಪನಿಯ ಶಾಖೆಗೆ ಹೋದಾಗ ನಾಲ್ಕೂ ಬಕೆಟ್ಟಿನ ಮೇಲ್ಮಣ್ಣು ಕೆರೆದು ತೆಗೆದು ಹೊಸ ಮಣ್ಣು ಹಾಕಿದ. ಇನ್ನು ಧೂಳು ಹಾಕಬೇಡ, ಉಷ್ಣವಾಗುತ್ತದೆ ಎಂದ. ನೀರು ನಾನೇ ಹಾಕುತ್ತೇನೆ, ನೀನು ಬಗ್ಗಬೇಡ, ಮೊಣಕಾಲಿಗೆ ಒಳ್ಳೆಯದಲ್ಲ ಎಂದ. ತಾಜಬಿ ನಕ್ಕುಬಿಟ್ಟಳು.

"ಮೂವತ್ತೆಂಟ ವರ್ಷದಾಗ ನನ್ನ ಗಿಡಕ್ಕ ಒಂದ ತಂಬಗಿ ನೀರ ಹಾಕಿಲ್ಲ ನೀವು. ಈಗೇನ ಮುದಿತನಕ್ಕ ಪ್ರೀತಿ ಉಕ್ಕೇತೇನ?"

ನಕ್ಕರೂ ಅವಳಿಗೆ ಒಳಗೊಳಗೇ ಹಿಗ್ಗಾಗಿತ್ತು. ಪಕ್ಕದ ಮನೆಯವರಿಗೆ ಹೇಳಿಕೊಂಡಳು, ಫೋನಿನಲ್ಲಿ ಮಗಳಿಗೂ ಹೇಳಿಕೊಂಡಳು. ಅವಳು ಹಿಗ್ಗಿದಷ್ಟೂ ಇವನಿಗೆ ಮುಖ ಎತ್ತಲಾಗುತ್ತಿರಲಿಲ್ಲ. ಇವನು ನಾಲ್ಕು ಗಂಟೆಗೆ ಸಂಭಾಜಿಯ ಅಂಗಡಿಗೆ ಹೋದ ಮೇಲೆ ಅವಳು ಎಂದಿನಂತೆ ಗಿಡದ ಮುಂದೆ ಕೂತು ಎಲೆ ಸವರುತ್ತಲೇ ಇದ್ದಳು. ಅಭ್ಯಾಸ ಎಲ್ಲಿ ಬಿಡುತ್ತದೆ?

ಒಂಬತ್ತನೆಯ ದಿನ ಬಾಗಿಲ ಪಕ್ಕದ ಗಿಡದಲ್ಲಿ ಮಚ್ಚೆ ಕಂಡಿತು. ತಾಜಬಿ ಮನೆಯಲ್ಲಿಲ್ಲದ ಹೊತ್ತು ನೋಡಿ ಅದನ್ನು ಬುಡಸಮೇತ ಕಿತ್ತು ಚರಂಡಿಯಾಚೆ ಎಸೆದು ಬಂದ. ಅವಳು ಬಂದು ಕೇಳಿದಾಗ, "ಬೇರಿಗೆ ಹುಳ ಬಿದ್ದಿದ್ದು," ಅಂದ. ಹದಿಮೂರನೆಯ ದಿನ ಎರಡನೆಯದು. ಹದಿನೇಳನೆಯ ದಿನ ಮೂರನೆಯದು, ಅದರಲ್ಲಿ ಆಗಲೇ ಹೂ ಬಂದಿದ್ದವು. ಆ ದಿನ ತಾಜಬಿ ಖಾಲಿ ಬಕೆಟ್ಟಿನ ಮುಂದೆ ಕೂತು ಅತ್ತಳು. "ಅಮ್ಮಾ ಸತ್ತಾಗ ಇಷ್ಟ ಅತ್ತಿರಲಿಲ್ಲ ನಾ," ಅಂದಳು. ಆಗಲೂ ಅವನು ಹೇಳಲಿಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡ. ಅಂಗಡಿಯಲ್ಲಿ ಮಂದಿಯ ಗುಲಾಬಿ, ಮಂದಿಯ ಮಲ್ಲಿಗೆ ನೋಡಿ ಮನೆಗೆ ಬರುವಷ್ಟರಲ್ಲಿ ನಾಳೆಯೂ ಮುಗಿದಿರುತ್ತಿತ್ತು. ಇಪ್ಪತ್ತನೆಯ ದಿನ ನಾಲ್ಕನೆಯದೂ ಹೋಯಿತು.

ಟಾಕಿಯ ಮೇಲಿನ ಎರಡು ಮಾತ್ರ ಕಡುಹಸಿರಾಗಿ, ಮೈತುಂಬ ಮೊಗ್ಗು ಕಟ್ಟಿ ನಿಂತಿದ್ದವು. ತಾಜಬಿಯ ಕೈಗೆ ಎಟುಕದ ಎರಡು. ಹುಸೇನಮಿಯಾ ದಿನಾ ಬೆಳಿಗ್ಗೆ ಅವನ್ನು ನೋಡುತ್ತಿದ್ದ, ನೋಡಿ ಕಣ್ಣು ತಪ್ಪಿಸುತ್ತಿದ್ದ.

ಇಪ್ಪತ್ತೆರಡನೆಯ ದಿನ ಮಧ್ಯಾಹ್ನ ಶೇವಂತಾ ಬಂದಳು. ತಾಜಬಿಯೂ ಅವಳೂ ಒಂದೇ ಶಾಖೆಗೆ ಬೀಡಿ ಕೊಡುವವರು, ಹಳೆಯ ಪರಿಚಯ. ಹುಸೇನಮಿಯಾ ಒಳಗೆ ಊಟ ಮಾಡಿ ಅಡ್ಡಾಗಿದ್ದ.

"ಭಾಬಿ, ಕುಡ್ಯಾಕ ನೀರ ಕೊಡ್ತಿ?" ಹೊಸ್ತಿಲಾಚೆಯಿಂದ ಶೇವಂತಾಳ ದನಿ. "ಮ್ಯಾಲಿಂದ ಹಾಕು. ನಾ ತಂಬಗಿ ಮುಟ್ಟಂಗಿಲ್ಲ."

"ಏನ ಮಾತಾಡ್ತಿ ಬೇ? ಒಳಗ ಬಾ."

"ನಕೋ ಭಾಬಿ. ನನ್ನ ಕೈಯಾಗ ರೋಗ ಐತಂತ. ಚಾಚಾನ ಹೇಳ್ಯಾರ."

ತಾಜಬಿಗೆ ಅರ್ಥವಾಗಲಿಲ್ಲ. ಶೇವಂತಾ ಹೊಸ್ತಿಲ ಹೊರಗೇ ಕೂತು ಎಲ್ಲ ಹೇಳಿದಳು. ಚಾಚಾ ಗಿರಿಜವ್ವನ ಟೆರೇಸಿಗೆ ಬಂದದ್ದು, ಬೀಡಿ ಕಟ್ಟುವ ಕೈ ಅಂದದ್ದು. ಗಿಡ ಮುಟ್ಟಬೇಡ ಅಂದಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು, ಗಿರಿಜವ್ವ ಮರುದಿನ ಪಾತ್ರೆಯನ್ನೂ ಮುಟ್ಟಬೇಡ ಅಂದಳು, ಅದರ ಮರುದಿನ ಬರಲೇಬೇಡ ಅಂದಳು. ಅದೇ ಬಡಾವಣೆಯ ಇನ್ನೆರಡು ಮನೆಗೂ ಸುದ್ದಿ ಮುಟ್ಟಿ ಅವರೂ ಬಿಡಿಸಿದರು.

"ನಾ ಶಾಣೇಕಿ ಅಲ್ಲ ಭಾಬಿ, ಸಾಲಿ ಕಲಿತಿಲ್ಲ," ಅಂದಳು ಶೇವಂತಾ. "ಆದ್ರ ಒಂದ ಕೇಳ್ತೀನಿ. ಕುಂಡಕ್ಕ ತಂಬಾಕಿನ ಧೂಳ ಹಾಕ್ಸು ಅಂತ ಆ ಅವ್ವಾಗ ಹೇಳಿದಾವರು ಚಾಚಾನ. ವಖಾರದಿಂದ ತಲೀ ಮ್ಯಾಲ ಹೊತ್ತ ತಂದು, ಮೂರ ಮಜಲಾ ಹತ್ತಿಸಿ ಹಾಕಿದಾಕಿ ನಾ. ನನ್ನ ಕೈಯಾಗಿಂದು ತಂಬಾಕ, ಅದೇನ ಬ್ಯಾರೇನ?"

ಒಳಗೆ ಹುಸೇನಮಿಯಾ ಎದ್ದು ಕೂತ. ಮೂವತ್ತೊಂದು ವರ್ಷದ ನೌಕರಿಯಲ್ಲಿ ಅವನ ಸಾಹೇಬರು ಯಾರೂ ಅವನನ್ನು ಇಷ್ಟು ನೇರವಾಗಿ ಕೇಳಿರಲಿಲ್ಲ.

ತಾಜಬಿ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ಆಮೇಲೆ ಟಾಕಿಯ ಮೇಲಿನ ಎರಡು ಗಿಡ ನೋಡಿದಳು. ಆಮೇಲೆ ನಾಲ್ಕು ಖಾಲಿ ಬಕೆಟ್ಟು.

"ಹೊರಗ ಬರ್ರಿ," ಅಂದಳು.

ಅವನು ಬಂದು ಬಾಗಿಲ ಹತ್ತಿರ ನಿಂತ.

"ಟೊಮ್ಯಾಟೊಕ್ಕ ಬರೋ ರೋಗ ಮೆಣಸಿನಕಾಯಿಗೂ ಬರ್ತೈತೇನ್ರಿ?"

"ಬರ್ತೈತಿ."

"ಧೂಳಿನಿಂದಾನೂ?"

"ಧೂಳಿನಿಂದಾನೂ ಬರ್ತೈತಿ."

"ನಿಮಗ ಯಾವಾಗ ತಿಳೀತು?"

"ಅವತ್ತ. ಒಣದ್ರಾಕ್ಷಿ ತಂದ ದಿನಾ."

"ಅವತ್ತ ಎಷ್ಟ ಗಿಡ ಇದ್ದು?"

"ಆರು," ಅಂದ. ತಡೆದು, "ಅಷ್ಟೊತ್ತಿಗೆ ರೋಗ ಒಳಗ ಹೊಕ್ಕಿದ್ರೂ ಹೊಕ್ಕಿರಬೇಕು, ಹೇಳಿದ್ರೂ ಉಳೀತಿದ್ದಿಲ್ಲೇನೋ," ಅಂದ.

"ಉಳೀತಿದ್ದೂ ಏನೋ," ಅಂದಳು ತಾಜಬಿ.

ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಅವನಿಗೆ ಹಗುರವಾಗುತ್ತಿತ್ತು. "ಆಕೀ ಹೊಟ್ಟಿ ಮ್ಯಾಲ ಹೊಡ್ಯಾಕ ಬಾಯಿ ಬಂತು ನಿಮಗ," ಅಂದಳು, ಮೆಲ್ಲಗೆ. "ನನಗ ಹೇಳಾಕ ಬರಲಿಲ್ಲ. ನಾ ದಿನಾ ಇವನ್ನ ಮುಟ್ಟೋದು ನೋಡಕೋತ ಕುಂತ್ರಿ."

ಶೇವಂತಾ ಎದ್ದು ನಿಂತಿದ್ದಳು, ಗಂಡ ಹೆಂಡಿರ ನಡುವೆ ಬಂದದ್ದಕ್ಕೆ ಅವಳಿಗೇ ಸಂಕೋಚ. ತಾಜಬಿ ತಂಬಿಗೆ ತುಂಬಿ ತಂದು ಅವಳ ಕೈಯಲ್ಲೇ ಇಟ್ಟಳು. ಅವಳು ಕುಡಿದು ಹೋದಳು.

ಮರುದಿನ ಬೆಳಿಗ್ಗೆ ಹುಸೇನಮಿಯಾ ಮತ್ತೆ ಆ ಮೂರು ಅಂತಸ್ತು ಹತ್ತಿದ. ಹೋಗು ಎಂದು ತಾಜಬಿ ಹೇಳಿರಲಿಲ್ಲ, ಆದರೆ ಹೋಗದೆ ಮನೆಯಲ್ಲಿ ಕೂಡಲು ಆಗಲಿಲ್ಲ. ಟೆರೇಸಿನಲ್ಲಿ ಟೊಮ್ಯಾಟೊ ಒಂದೂ ಇರಲಿಲ್ಲ. ಆ ಜಾಗದಲ್ಲಿ ಹಸಿರು ಪ್ಲಾಸ್ಟಿಕ್ ಹುಲ್ಲಿನ ಚಾಪೆ ಹಾಸಿ, ಎರಡು ಕುರ್ಚಿ, ಎರಡು ಶೋ ಗಿಡ ಇಟ್ಟಿದ್ದರು.

"ಅವ್ವಾರ, ಆ ರೋಗ ನಾ ಹಾಕ್ಸಿದ ಧೂಳಿನಿಂದ ಬಂದಿರಬೇಕ್ರಿ," ಅಂದ. "ಶೇವಂತಾಂದ ಒಬ್ಬಾಕೀದ ತಪ್ಪಲ್ಲ. ಸಾಬೂನ ಹಚ್ಚಿ ಕೈ ತೊಳದಿದ್ರ ಅಕೀ ಕೈಯಿಂದಾನೂ ಏನೂ ಆಗತಿದ್ದಿಲ್ಲ. ಭಾಂಡಿ ಪಾತ್ರಿಗೆ, ಮಂದಿಗೆ ಅದು ಏನೂ ಮಾಡಂಗಿಲ್ಲ. ನಾ ಅವತ್ತ ಹೇಳಬೇಕಿತ್ತು."

ಗಿರಿಜವ್ವ ಕೆಟ್ಟವಳಲ್ಲ. ಅವನಿಗೆ ಚಹಾ ತರಿಸಿದಳು. "ಹೋಗ್ಲಿ ಬಿಡ್ರಿ ಮಿಯಾರ. ಹಳೇ ಮಾತು. ನನಗೂ ಆ ಟೊಮ್ಯಾಟೊ ಸಾಕಾಗಿತ್ತು. ಈಗ ಬ್ಯಾರೇದಾಕಿ ಬಂದಾಳ, ಅಕೀನ ಹೆಂಗ ಬಿಡಸ್ಲಿ?" ಅಂದಳು. ಮೂವತ್ತೊಂದು ವರ್ಷ ಗಿಡ ಕಿತ್ತು ಬೇರೆ ಕಡೆ ನೆಟ್ಟವನಿಗೆ ಇದು ಗೊತ್ತಿರಬೇಕಿತ್ತು. ಕಿತ್ತ ಜಾಗದಲ್ಲಿ ಬಹಳ ದಿನ ಯಾರೂ ಕುಳಿ ಬಿಟ್ಟಿರುವುದಿಲ್ಲ.

ಅಂಗಡಿಯ ಕುರ್ಚಿಯಲ್ಲಿ ಕೂತಾಗ ಈಗ ಅವನು ಬೇರೆ ಮಾತು ಹೇಳತೊಡಗಿದ. ಟೊಮ್ಯಾಟೊ, ಮೆಣಸಿನಕಾಯಿ, ಬದನೆಗೆ ತಂಬಾಕು ತೋರಿಸಬೇಡಿ, ಕೈಗೆ ಸಾಬೂನು ಹಚ್ಚಿ ಮುಟ್ಟಿ. "ಹೋದ ತಿಂಗಳ ಧೂಳ ಹಾಕ್ರಿ ಅಂದಿದ್ರಲ್ಲ?" ಎಂದು ಜನ ಕೇಳಿದರು. "ಹೋದ ತಿಂಗಳ ತಪ್ಪ ಹೇಳಿದ್ನಿ," ಅಂದ. ತಪ್ಪು ಹೇಳಿದ್ದೆ ಅನ್ನುವ ತಜ್ಞನ ಹತ್ತಿರ ಯಾರು ಬರುತ್ತಾರೆ? ಒಬ್ಬೊಬ್ಬರೇ ಕಡಿಮೆಯಾದರು. ಸಂಭಾಜಿ ಮುಖ ಸಣ್ಣದು ಮಾಡಿಕೊಂಡ.

ಮನೆಯಲ್ಲಿ ತಾಜಬಿ ಅವನೊಡನೆ ಮಾತು ಬಿಟ್ಟಿರಲಿಲ್ಲ. ಊಟಕ್ಕೆ ಕರೆಯುತ್ತಿದ್ದಳು, ಮಗಳ ಸುದ್ದಿ ಹೇಳುತ್ತಿದ್ದಳು. ಗಿಡದ ಮಾತು ಮಾತ್ರ ಇಲ್ಲ. ಒಂದು ಸಂಜೆ ಅವನು ಸಾಬೂನು, ಒಂದು ಬಟ್ಟಲು ಹಾಲು ತಂದು ಅವಳ ಮುಂದಿಟ್ಟ.

"ಸಾಬೂನ ಹಚ್ಚಿ ತೊಳಕೊಂಡು ಇದರಾಗ ಕೈ ಅದ್ದು. ಏನೂ ಆಗಂಗಿಲ್ಲ. ಟಾಕಿ ಮ್ಯಾಲಿನ್ನೂ ಕೆಳಗ ಇಳಿಸ್ತೀನಿ, ನೀನ ನೋಡ್ಕೋ."

"ಖರೇನ ಏನೂ ಆಗಂಗಿಲ್ಲೇನ?"

ಎಲ್ಲರಿಗೂ ಎಲ್ಲ ಗೊತ್ತಿದ್ದವನಂತೆ ಹೇಳಿ ಅಭ್ಯಾಸವಾದ ಬಾಯಿ ತೆರೆಯಿತು, ಮುಚ್ಚಿತು. "ಆಗಂಗಿಲ್ಲ ಅಂತ ಸಾಹೇಬ್ರು ಹೇಳತಿದ್ರು," ಅಂದ. "ನನಗ ಪಕ್ಕಾ ಗೊತ್ತಿಲ್ಲ."

"ಹಂಗಾರ ಬ್ಯಾಡ," ಅಂದಳು. "ಎರಡ ಉಳದಾವ. ನಾ ಮುಟ್ಟಂಗಿಲ್ಲ." ಬಟ್ಟಲನ್ನು ಒಳಗೆ ಒಯ್ದು ಆ ಹಾಲಿನಲ್ಲೇ ಚಹಾ ಮಾಡಿದಳು.

ಹಾಗಾಗಿ ಅವನೇ ದಿನಾ ಸ್ಟೂಲು ಹಾಕಿ ಟಾಕಿ ಹತ್ತಿದ. ನೀರು ಹಾಕಿದ, ಕುಡಿ ಚಿವುಟಿದ, ಕೋಲು ಕಟ್ಟಿದ. ಸೊಂಟ ಹಿಡಿಯುತ್ತಿತ್ತು. ಊರಿನ ಸಾವಿರ ಗಿಡಕ್ಕೆ ಬಾಯಿಮಾತಿನಲ್ಲೇ ಆರೈಕೆ ಮಾಡಿದವನಿಗೆ ಎರಡು ಗಿಡ ಕೈಯಿಂದ ಸಾಕುವುದರಲ್ಲಿ ಸಾಕುಸಾಕಾಯಿತು. ತಾಜಬಿ ಅಂಗಳದಲ್ಲಿ ಮೊರ ಮಡಿಲಲ್ಲಿಟ್ಟುಕೊಂಡು, ಗಿಡದ ಕಡೆ ಬೆನ್ನು ಹಾಕಿ ಬೀಡಿ ಕಟ್ಟುತ್ತಿದ್ದಳು. ತಿರುಗಿ ನೋಡುತ್ತಿರಲಿಲ್ಲ. ಆದರೆ ಅವನು ಒಂದು ದಿನ ತಡಮಾಡಿದರೆ, "ನೀರ ಹಾಕಿದ್ರೇನ?" ಎಂದು ಬೆನ್ನೇ ಕೇಳಿದ ಹಾಗೆ ಕೇಳುತ್ತಿದ್ದಳು.

ಡಿಸೆಂಬರ್ ಹೊತ್ತಿಗೆ ಎರಡೂ ಗಿಡದಲ್ಲಿ ಕಾಯಿ ಹಣ್ಣಾದವು, ಗಿಡ್ಡ, ದಪ್ಪ, ಕರಿಗೆಂಪು. ಒಟ್ಟು ಇಪ್ಪತ್ತಮೂರು. ಒಂದನ್ನೂ ಅಡಿಗೆಗೆ ಕೊಡಬೇಡಿ, ಎಲ್ಲ ಬೀಜಕ್ಕೆ ಅಂದಳು ತಾಜಬಿ. ಅವನು ಅವನ್ನು ಬಿಸಿಲಿಗೆ ಹಾಕಿ ಒಣಗಿಸಿ, ಒಂದು ಮಧ್ಯಾಹ್ನ ಹಳೆಯ ಪೇಪರು ಹಾಸಿಕೊಂಡು ಬೀಜ ಬಿಡಿಸಲು ಕೂತ. ಬೀಜ ಬಿಡಿಸುವುದು ಆ ಮನೆಯಲ್ಲಿ ಯಾವಾಗಲೂ ತಾಜಬಿಯ ಕೆಲಸವಾಗಿತ್ತು. ಅವನಿಗೆ ಅದರ ಉರಿ ಗೊತ್ತಿರಲಿಲ್ಲ. ಐದನೆಯ ಕಾಯಿಗೇ ಬೆರಳ ತುದಿ ಚುರುಗುಟ್ಟತೊಡಗಿತು. ಹತ್ತರ ಹೊತ್ತಿಗೆ ಉಗುರ ಸಂದಿಯಲ್ಲೆಲ್ಲ ಬೆಂಕಿ. ಇಪ್ಪತ್ತಮೂರು ಮುಗಿಯುವಾಗ ಅಂಗೈಯೆಲ್ಲ ಕೆಂಪಾಗಿ, ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಎತ್ತುವಂತಿರಲಿಲ್ಲ.

ತಾಜಬಿ ಅಂದು ಮೊದಲ ಸಲ ಈ ಕಡೆ ಮುಖ ಮಾಡಿ ಕೂತಿದ್ದಳು. ಬೀಜದ ಗುಡ್ಡೆ ನೋಡಿದಳು. ಎಲ್ಲ ಗಟ್ಟಿ ಬೀಜ, ಜೊಳ್ಳು ಇಲ್ಲ. ಅವಳ ಮುಖ ಅರಳಿದ್ದನ್ನು ಅವನು ಕಣ್ಣೀರಿನಲ್ಲೇ ಕಂಡ.

"ಎರಡ ಪೊಟ್ಟಣ ಮಾಡ್ರಿ," ಅಂದಳು. "ಒಂದ ನಮಗ. ಒಂದ ಶೇವಂತಾಗ. ನೀವ ಹೋಗಿ ಕೊಟ್ಟ ಬರ್ರಿ, ಹೆಂಗ ಬೆಳಸೋದು ಅಂತ ಎಲ್ಲಾ ಹೇಳಿ ಬರ್ರಿ. ಕೈ ತೊಳದು ಮುಟ್ಟಬೇಕು ಅನ್ನೋದೂ ಹೇಳ್ರಿ. ಧೂಳ ಹಾಕ್ಸಿದಾವ ನಾನ, ತಪ್ಪ ನಂದ ಅಂತಾನೂ ಹೇಳ್ರಿ."

ಅವನು ಪೊಟ್ಟಣ ಕಟ್ಟಿದ. ಶೇವಂತಾಳ ಮನೆ ಎರಡು ಓಣಿಯಾಚೆ. ಇಷ್ಟು ದಿನ ಆ ಓಣಿ ತಪ್ಪಿಸಿ ಸುತ್ತುಬಳಸಿ ಪೇಟೆಗೆ ಹೋಗುತ್ತಿದ್ದ.

"ಕೈ ತೊಳಕೊಂಡ ಹೋಗ್ತೀನಿ," ಎಂದು ನೀರಿನ ಕಡೆ ನಡೆದ. "ಭಾಳ ಉರ್ಯಾಕತ್ತಾವ."

"ಉರೀಲಿ," ಅಂದಳು ತಾಜಬಿ, ಮೊರದಿಂದ ಇನ್ನೊಂದು ಎಲೆ ಎತ್ತಿಕೊಳ್ಳುತ್ತ. "ಹಂಗ ಹೋಗ್ರಿ."

ಹುಸೇನಮಿಯಾ ಪೊಟ್ಟಣ ಹಿಡಿದುಕೊಂಡು ಚಪ್ಪಲಿ ಮೆಟ್ಟಿದ.